ನೀರು ಎತ್ತುವವರೇ ಮೀಟರ್ ನೋಡಿದರೆ ಹೇಗೆ?

ಮಾನ್ಯ ಸಂಪಾದಕರೇ,

ನ್ಯೂಜಿಲೆಂಡ್ ಪ್ರವಾಸ ಮುಗಿಸಿ ಬಂದ ಓದುಗರೊಬ್ಬರು ಹೋದ ವಾರ ನಿಮ್ಮ ಪತ್ರಿಕೆಗೆ ಬರೆದಿದ್ದರು. ಅಲ್ಲಿನ ಜನಕ್ಕೆ ಶಿಸ್ತಿದೆ, ಅದಕ್ಕೇ ಹೊಳೆಗಳು ಅಷ್ಟು ತಿಳಿಯಾಗಿವೆ ಅಂತ. ನಾನು ಕೋಲಾರದ ಕಡೆಯವನು. ಎಂಟು ವರ್ಷದಿಂದ ಇಲ್ಲಿನ ಕ್ಯಾಂಟರ್ಬರಿ ಪ್ರಾಂತ್ಯದಲ್ಲಿ, ಆಶ್‌ಬರ್ಟನ್ ಹತ್ತಿರದ ಒಂದು ಡೈರಿ ಫಾರಂನಲ್ಲಿ ಕೆಲಸ ಮಾಡುತ್ತಿದ್ದೇನೆ. ಶಿಸ್ತಿನ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದಕ್ಕಿಂತ ದೊಡ್ಡ ಕಾರಣ ಒಂದಿದೆ. ಯಾರು ಎಷ್ಟು ನೀರು ಎತ್ತಿದರು, ಯಾರ ಕೊಟ್ಟಿಗೆಯ ಸಗಣಿ ನೀರು ಎಲ್ಲಿಗೆ ಹರಿಯಿತು ಅಂತ ನೋಡುವುದೇ ಕೆಲಸವಾಗಿರುವ ಒಂದು ಸಂಸ್ಥೆ ಇಲ್ಲಿದೆ. ಅದು ಪ್ರಾದೇಶಿಕ ಕೌನ್ಸಿಲ್. ಜನ ಆರಿಸಿದ ಅದರ ಸದಸ್ಯರನ್ನು ತೆಗೆದು ಮೇಯರ್‌ಗಳನ್ನು ಕೂರಿಸುವ ಸರ್ಕಾರದ ಪ್ರಸ್ತಾಪದಿಂದ ಈಗ ಅದಕ್ಕೇ ಕುತ್ತು ಬಂದಿದೆ, ಹಾಗಾಗಿ ಈ ಪತ್ರ.

ದೇಶದಲ್ಲಿ ಇಂಥ ಕೌನ್ಸಿಲ್‌ಗಳು 11 ಇವೆ. 1989ರಲ್ಲಿ ಇವುಗಳ ಗಡಿ ಹಾಕಿದಾಗ ಹೆಚ್ಚಿನ ಕಡೆ ನದಿ ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಅನ್ನುವುದನ್ನು ನೋಡಿ ಹಾಕಿದರು. ಇದು ನನಗೆ ತುಂಬ ಇಷ್ಟವಾದ ವಿಷಯ. 1991ರ ಸಂಪನ್ಮೂಲ ನಿರ್ವಹಣೆ ಕಾಯ್ದೆ ಪ್ರಕಾರ ನೀರಾವರಿಗೆ ನೀರು ಎತ್ತಬೇಕಾದರೆ ಇವರ ಅನುಮತಿ ಬೇಕು. ಕೊಟ್ಟ ಅನುಮತಿಯ ಷರತ್ತು ಪಾಲನೆ ಆಗುತ್ತಿದೆಯಾ ಅಂತ ನೋಡುವುದೂ ಅವರದೇ ಹೊಣೆ. ಆ ತಪಾಸಣೆಯ ಖರ್ಚನ್ನು ಅನುಮತಿ ಪಡೆದವರಿಂದಲೇ ವಸೂಲಿ ಮಾಡಬಹುದು.

ನಮ್ಮ ಫಾರಂನ ಪಂಪಿಗೆ ಮೀಟರ್ ಇದೆ. ಸೆಕೆಂಡಿಗೆ 5 ಲೀಟರ್ ಅಥವಾ ಅದಕ್ಕಿಂತ ಜಾಸ್ತಿ ಎತ್ತುವ ಅನುಮತಿ ಇದ್ದರೆ ಅಳೆಯಲೇಬೇಕು ಅಂತ 2010ರಲ್ಲಿ ನಿಯಮ ಬಂತು. 2020ರಲ್ಲಿ ಅದನ್ನು ಬಿಗಿ ಮಾಡಿದರು: ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ದಾಖಲಾಗಬೇಕು, ದಿನಾ ಕೌನ್ಸಿಲ್‌ಗೆ ಹೋಗಬೇಕು. ದೊಡ್ಡ ಪಂಪುಗಳಿಗೆ ಮೊದಲು, ಸಣ್ಣವಕ್ಕೆ ಆಮೇಲೆ. ನಮ್ಮದು ದೊಡ್ಡದು. ಪಂಪ್ ಶೆಡ್ಡಿನ ಗೋಡೆಗೆ ಟಿಫಿನ್ ಡಬ್ಬಿಯಷ್ಟು ಒಂದು ಪೆಟ್ಟಿಗೆ, ಅದರ ಮೇಲೊಂದು ಆಂಟೆನಾ. ನಾನು ಮಲಗಿದ್ದರೂ ಅದು ಲೆಕ್ಕ ಕಳಿಸುತ್ತಿರುತ್ತದೆ. ಊರಲ್ಲಿ ನಮ್ಮಪ್ಪ 1,200 ಅಡಿ ಕೊರೆಸಿದ ಬೋರ್‌ಗೆ ಮೀಟರೇ ಇಲ್ಲ. ಪೈಪಿನ ಬಾಯಿ ನೋಡಿ, ಎರಡು ಇಂಚು ಬರ್ತಿದೆ, ಈ ವರ್ಷ ಒಂದೂವರೆ ಇಂಚು ಅನ್ನುತ್ತಾರೆ. ಪಕ್ಕದ ತೋಟದವರು ಎಷ್ಟು ಎತ್ತಿದರು ಅಂತ ಅವರಿಗೆ ಗೊತ್ತಾಗುವುದು ತಮ್ಮ ಬೋರ್ ಬತ್ತಿದಾಗಲೇ.

ಒಂದು ಸಲ ನಮ್ಮಲ್ಲೂ ತಪ್ಪಾಯಿತು. ಮೂರು ದಿನ ಮಳೆ ಹಿಡಿದಿತ್ತು, ಸಗಣಿ ನೀರಿನ ಹೊಂಡ ಅಂಚಿಗೆ ಬಂದಿತ್ತು, ಖಾಲಿ ಮಾಡಲೇಬೇಕು ಅಂತ ಒದ್ದೆ ನೆಲಕ್ಕೇ ಸಿಂಪಡಿಸಿದೆವು. ನೆಲ ಕುಡಿಯಲಿಲ್ಲ. ಮಾರನೇ ದಿನ ಬಂದ ತಪಾಸಣೆ ಅಧಿಕಾರಿ ಗಂಬೂಟು ಹಾಕಿಕೊಂಡು ಹುಲ್ಲುಗಾವಲಿಗೆ ಇಳಿದು, ಕಾಲಿಂದ ಹುಲ್ಲು ಸರಿಸಿ, ಹಸಿರು ಬಣ್ಣದ ನೀರು ನಿಂತಿದ್ದ ಜಾಗದಲ್ಲೆಲ್ಲ ಫೋಟೊ ತೆಗೆದು, ಅಲ್ಲಿಂದ ಕಾಲುವೆಗೆ ಎಷ್ಟು ದೂರ ಅಂತ ಹೆಜ್ಜೆ ಹಾಕಿ ನೋಡಿದರು. ಬೈಯಲಿಲ್ಲ, ಕೂಗಾಡಲಿಲ್ಲ. ಮಾಲೀಕರಿಗೆ ನೋಟಿಸ್ ಬಂತು. ಆರು ತಿಂಗಳೊಳಗೆ ದೊಡ್ಡ ಹೊಂಡ ಕಟ್ಟಿಸಿದರು. ನೋಟಿಸ್ ಬರದಿದ್ದರೆ ಕಟ್ಟಿಸುತ್ತಿದ್ದರಾ? ಅವರು ಒಳ್ಳೆಯ ಮನುಷ್ಯ, ಆದರೂ ಇಲ್ಲ ಅಂತಲೇ ನನ್ನ ಅನಿಸಿಕೆ. ಆ ಸಾಲದ ಕಂತು ಅವರಿಗೆ ಭಾರ ಅನ್ನುವುದನ್ನೂ ನಾನು ಕಣ್ಣಾರೆ ಕಂಡಿದ್ದೇನೆ.

ಹಾಗಂತ ಇಲ್ಲಿ ಎಲ್ಲಾ ಸರಿಯಿದೆ ಅಂದುಕೊಳ್ಳಬೇಡಿ. ಕ್ಯಾಂಟರ್ಬರಿಯ ನೆಲದಡಿ ಬರೀ ಕಲ್ಲುಗುಂಡು. ಹಸು ಗಂಜಲ ಹೊಯ್ದ ಜಾಗದಲ್ಲಿ ಹುಲ್ಲು ಹೀರಿ ಮಿಕ್ಕ ಸಾರಜನಕ ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ. ಕುಡಿಯುವ ನೀರಿನಲ್ಲಿ ಇದಕ್ಕೆ ಮಿತಿ, ನೈಟ್ರೇಟ್‌ನಲ್ಲಿರುವ ಸಾರಜನಕದ ಲೆಕ್ಕದಲ್ಲಿ, ಲೀಟರಿಗೆ 11.3 ಮಿಲಿಗ್ರಾಂ. ನನ್ನ ಹೆಂಡತಿ ಬಸುರಿಯಾದಾಗ ಮನೆಯ ಬಾವಿ ನೀರು ಪರೀಕ್ಷೆ ಮಾಡಿಸಿದೆವು, 8 ಬಂತು. ಮಿತಿಯೊಳಗೇ ಇದೆ ಅಲ್ವಾ ಅಂತ ಸಮಾಧಾನ ಮಾಡಿಕೊಳ್ಳೋಕೆ ಆಗಲಿಲ್ಲ. ಅಷ್ಟು ತಿಂಗಳೂ ಪೇಟೆಯಿಂದ ಕ್ಯಾನಿನಲ್ಲಿ ನೀರು ತಂದೆ. ಇಲ್ಲಿನ ಕೌನ್ಸಿಲ್ ವರ್ಷ ವರ್ಷ ಬಾವಿಗಳ ನೀರು ಪರೀಕ್ಷಿಸಿ ಅಂಕಿಗಳನ್ನು ಎಲ್ಲರ ಮುಂದೆ ಇಡುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲರ್‌ಗಳು ವೋಟು ಹಾಕಿ ನೈಟ್ರೇಟ್ ತುರ್ತುಸ್ಥಿತಿ ಅಂತ ಘೋಷಿಸಿದರು. ಅಳತೆ ಇದ್ದಿದ್ದರಿಂದ ಅದು ಬಯಲಿಗೆ ಬಂತು. ಆದರೆ ಹಸುಗಳ ಸಂಖ್ಯೆಗೆ ಕಡಿವಾಣ ಹಾಕುವ ಧೈರ್ಯ ಇಷ್ಟು ವರ್ಷ ಯಾರೂ ಮಾಡಲಿಲ್ಲ, ಅದು ನನಗೆ ನಿಜವಾಗಿಯೂ ಸಿಟ್ಟು ತರಿಸುತ್ತದೆ.

ನಿಗಾ ಸಡಿಲವಾದರೆ ಏನಾಗುತ್ತದೆ ಅನ್ನುವುದಕ್ಕೆ ಹ್ಯಾವ್‌ಲಾಕ್ ನಾರ್ತ್ ಇದೆ. ಸುಮಾರು 14,000 ಜನರಿರುವ ಪೇಟೆ. 2016ರ ಆಗಸ್ಟ್‌ನಲ್ಲಿ ಜೋರು ಮಳೆ ಬಂತು, ಕುರಿ ಹಿಕ್ಕೆ ತೊಳೆದ ನೀರು ಪೇಟೆಗೆ ನೀರು ಕೊಡುವ ಕೊಳವೆಬಾವಿಗೆ ಸೇರಿತು. 5,000ಕ್ಕೂ ಜಾಸ್ತಿ ಜನ ವಾಂತಿ ಭೇದಿಯಿಂದ ಮಲಗಿದರು, 45 ಜನ ಆಸ್ಪತ್ರೆ ಸೇರಿದರು, ಕೆಲವರು ತೀರಿಕೊಂಡರು. ತನಿಖಾ ಆಯೋಗ ನೀರು ಪೂರೈಸುವ ಜಿಲ್ಲಾ ಕೌನ್ಸಿಲ್‌ದು ತಪ್ಪು ಅಂದಿತು. ಪ್ರಾದೇಶಿಕ ಕೌನ್ಸಿಲ್ ಕೂಡ ಅಂತರ್ಜಲ ಕಾಯುವ ತನ್ನ ಹೊಣೆ ಸರಿಯಾಗಿ ಮಾಡಲಿಲ್ಲ ಅಂತಲೂ ಹೇಳಿತು.

ಈಗ ಹೊಸ ವಿಷಯಕ್ಕೆ ಬರುತ್ತೇನೆ. 2025ರ ನವೆಂಬರ್‌ನಲ್ಲಿ ಇಲ್ಲಿನ ಸರ್ಕಾರ ಒಂದು ಪ್ರಸ್ತಾಪ ಮುಂದಿಟ್ಟಿತು. ಜನ ಆರಿಸಿದ ಪ್ರಾದೇಶಿಕ ಕೌನ್ಸಿಲರ್‌ಗಳು ಇನ್ನು ಬೇಡ, ಅವರ ಜಾಗದಲ್ಲಿ ಆಯಾ ಭಾಗದ ನಗರ, ಜಿಲ್ಲಾ ಕೌನ್ಸಿಲ್‌ಗಳ ಮೇಯರ್‌ಗಳ ಮಂಡಳಿ ಕೂರಲಿ ಅಂತ. ಒಂದು ಚರಂಡಿಗೆ ಎರಡು ಕೌನ್ಸಿಲ್ ಯಾಕೆ ಅನ್ನುವ ಜನರ ಬೇಸರ ನನಗೂ ಅರ್ಥವಾಗುತ್ತದೆ. ಆದರೆ ಪೇಟೆಗೆ ನೀರು ಎತ್ತುವವರು ಯಾರು? ಒಳಚರಂಡಿ ನೀರು ಶುದ್ಧ ಮಾಡಿ ಹೊಳೆಗೆ ಬಿಡುವವರು ಯಾರು? ಬಹುತೇಕ ಇದೇ ಮೇಯರ್‌ಗಳ ಕೌನ್ಸಿಲ್‌ಗಳು. ನಾಳೆ ತಮ್ಮದೇ ಬೋರ್‌ಗೆ, ತಮ್ಮದೇ ಪೈಪಿಗೆ ನೋಟಿಸ್ ಕೊಡುವ ಮಂಡಳಿಯಲ್ಲಿ ಇವರೇ ಕೂತಿರುತ್ತಾರೆ. ಹೊರಗಿನವರು ನೋಡುತ್ತಿದ್ದಾಗಲೇ ಹ್ಯಾವ್‌ಲಾಕ್ ನಾರ್ತ್‌ನಂಥದ್ದು ಆಯಿತು, ಇನ್ನು ತಮ್ಮನ್ನು ತಾವೇ ನೋಡಿಕೊಂಡರೆ ಏನು ಗತಿ? ಖರ್ಚು ಉಳಿಸಬೇಕಾದರೆ ಕಚೇರಿಗಳನ್ನು ಸೇರಿಸಲಿ, ರಸ್ತೆ, ಬಸ್ಸು ಯಾರಾದರೂ ನೋಡಿಕೊಳ್ಳಲಿ. ತಪಾಸಣೆ ಮಾಡುವವರನ್ನು ಮಾತ್ರ ಮೇಯರ್‌ಗಳ ಕೈಕೆಳಗೆ ತರಬೇಡಿ.

ಆಕ್ಲೆಂಡ್, ಹ್ಯಾಮಿಲ್ಟನ್, ವೆಲ್ಲಿಂಗ್ಟನ್, ಕ್ರೈಸ್ಟ್‌ಚರ್ಚ್‌ಗಳಲ್ಲಿ ಇರುವ ಕನ್ನಡಿಗರು ನಿಮ್ಮ ಪತ್ರಿಕೆಯನ್ನು ಮೊಬೈಲ್‌ನಲ್ಲಿ ಓದುತ್ತಾರೆ. ಈ ವಿಷಯ ಅವರು ತಮ್ಮ ಸಂಸದರಿಗೆ ಒಂದು ಇಮೇಲ್ ಹಾಕಿ ಕೇಳಲಿ. ಲಾವಾ (LAWA) ಅನ್ನುವ ಜಾಲತಾಣದಲ್ಲಿ ತಮ್ಮೂರ ಹೊಳೆ ನೀರಿನ ಗುಣಮಟ್ಟದ ಅಂಕಿ ಸುಮ್ನೆ ಒಮ್ಮೆ ನೋಡಲಿ. ಬಾವಿ ನೀರು ಕುಡಿಯುವವರು, ಅದರಲ್ಲೂ ಮನೆಯಲ್ಲಿ ಬಸುರಿ ಇದ್ದರೆ, ಈ ವಾರವೇ ಒಂದು ಬಾಟಲಿ ತುಂಬಿ ಲ್ಯಾಬಿಗೆ ಕೊಡಲಿ.

ಇತಿ,
ಆಶ್‌ಬರ್ಟನ್‌ನಿಂದ ನಿಮ್ಮ ಓದುಗ