ಟ್ಯೂಡರ್ ವಾಚು ನಕಲಿ ಅಲ್ಲ ಸ್ವಾಮಿ

ಮಾನ್ಯ ಸಂಪಾದಕರೆ,

ವಿಮಾನ ನಿಲ್ದಾಣದಲ್ಲಿ ನಕಲಿ ವಾಚು ಹಿಡಿದ ವರದಿ ನಿಮ್ಮಲ್ಲಿ ದೊಡ್ಡದಾಗಿ ಬಂತು. ಅದೇ ಹುಮ್ಮಸ್ಸಿನಲ್ಲಿ ಕಸ್ಟಮ್ಸ್‌ನವರು ನಿನ್ನೆ ನನ್ನ ಹಳೇ ಟ್ಯೂಡರನ್ನೂ ಬಿಚ್ಚಿಸಿಕೊಂಡರು. ಡಯಲ್ ಮೇಲೆ ಟ್ಯೂಡರ್, ಕೀ ಕೊಡುವ ಗುಂಡಿಯ ಮೇಲೆ ರೋಲೆಕ್ಸ್ ಕಿರೀಟ, ಹಿಂದಿನ ಮುಚ್ಚಳದ ಮೇಲೂ ರೋಲೆಕ್ಸ್ ಹೆಸರು. ಮುಗೀತು, ಡೂಪ್ಲಿಕೇಟ್ ಅಂದುಬಿಟ್ಟರು ಸಾಹೇಬರು!

ಆ ಕಾಲದ ಟ್ಯೂಡರ್ ಬರುತ್ತಿದ್ದದ್ದೇ ಹಾಗೆ. ರೋಲೆಕ್ಸ್ ಕಟ್ಟಿದ ಹ್ಯಾನ್ಸ್ ವಿಲ್ಸ್‌ಡಾರ್ಫ್ ಅವರೇ 1946ರಲ್ಲಿ ಟ್ಯೂಡರ್ ಕಂಪನಿ ಶುರು ಮಾಡಿದ್ದು, ಕಡಿಮೆ ಬೆಲೆಗೆ ನಂಬಿಕೆಯ ವಾಚು ಸಿಗಲಿ ಅಂತ. ಕೇಸು ರೋಲೆಕ್ಸ್‌ದು, ಮಶೀನು ಹೊರಗಿನವರದು, ಬೆಲೆ ಇಳಿದದ್ದು ಅದರಿಂದಲೇ. ಇಷ್ಟು ಬಿಡಿಸಿ ಹೇಳಿದ್ದಕ್ಕೆ 'ಓಹೋ, ಒಳಗಿನದೂ ಬೇರೆಯವರದಾ?' ಅಂತ ಇನ್ನೊಂದು ಸಾಲು ಬರೆದುಕೊಂಡರು. ಕೂರಲು ಕುರ್ಚಿ ಇಲ್ಲ, ಫೋನ್ ಚಾರ್ಜ್ ಮುಗಿದಿತ್ತು, ಮುಂದಿನ ವಿಮಾನ ನನ್ನನ್ನು ಬಿಟ್ಟು ನನ್ನ ಲಗೇಜ್ ಹೊತ್ತುಕೊಂಡು ಹೋಯಿತು. ಪುಣ್ಯಕ್ಕೆ ಕೊನೆಗೆ ವಾಚು ವಾಪಸ್ ಬಂತು, ಮುಚ್ಚಳದ ಮೇಲೆ ಹೊಸದೊಂದು ಗೀರಿನ ಸಮೇತ. ರಸೀದಿಯಲ್ಲಿ 'ರೋಲೆಕ್ಸ್ ಮಾದರಿ' ಅಂತ ಬರೆದಿದ್ದಾರೆ.

ನೀವೂ ಕಡಿಮೆಯವರಲ್ಲ. ವರದಿಯಲ್ಲಿ ಟ್ಯೂಡರನ್ನು 'ಬಡವರ ರೋಲೆಕ್ಸ್' ಅಂತ ಬರೆದವರು ಯಾರು? 2012ರಲ್ಲಿ ಬ್ಲ್ಯಾಕ್ ಬೇ ಅನ್ನೋ ಮಾಡೆಲ್ ಬಂದಾಗಿನಿಂದ ಟ್ಯೂಡರ್ ತನ್ನ ಅಕ್ಕ ರೋಲೆಕ್ಸ್‌ನ ನೆರಳು ಬಿಟ್ಟು ಹೊರಗೆ ಬಂದಿದೆ. 2015ರಿಂದ ಸ್ವಂತ ಮಶೀನೂ ಇದೆ. ಅದರದೇ ಕೆನಿಸ್ಸಿ ಕಾರ್ಖಾನೆಯಿಂದ ಫ್ರಾನ್ಸಿನ ಫ್ಯಾಷನ್ ಕಂಪನಿ ಶನೆಲ್‌ನಂಥವರೂ ಮಶೀನು ತರಿಸಿಕೊಳ್ಳುತ್ತಾರೆ. 2021ರ ಬ್ಲ್ಯಾಕ್ ಬೇ ಸೆರಾಮಿಕ್ 15,000 ಗೌಸ್ ಅಯಸ್ಕಾಂತ ಶಕ್ತಿ ತಡೆದು ಸ್ವಿಸ್ ಸರ್ಕಾರಿ ಸಂಸ್ಥೆ ಮೆಟಾಸ್‌ನ ಪರೀಕ್ಷೆ ಪಾಸಾಗಿದೆ. ನಮ್ಮ ಸಾಹೇಬರು ಯಾವ ಪರೀಕ್ಷೆ ಪಾಸಾಗಿ ಆ ಕುರ್ಚಿಯಲ್ಲಿ ಕೂತರೋ!

ಇದು ಮೊದಲ ಸಲವೇನೂ ಅಲ್ಲ. ಹಿಂದೊಮ್ಮೆ ನನ್ನ ಹಳೇ ಕ್ಯಾಮೆರಾಗೂ ಬಿಲ್ ಕೇಳಿ ಇದೇ ರೀತಿ ನಿಲ್ಲಿಸಿದ್ದರು. ಮೇಲಿನವರಿಗೆ ದೂರು ಬರೆದರೆ 'ಸ್ವೀಕರಿಸಲಾಗಿದೆ' ಅಂತ ಒಂದು ಸಾಲು ಬಂತು. ಸ್ವೀಕರಿಸಿ ಏನು ಮಾಡಿದರೋ, ಉಪ್ಪಿನಕಾಯಿ ಹಾಕಿರಬೇಕು. ಫಾರಂ ಕೊಡುತ್ತಾರೆ, ಪೆನ್ನು ಕೊಡಲ್ಲ. ಪೆನ್ನು ನಮ್ಮದೇ ಕೊಟ್ಟರೆ ಅದನ್ನೂ ಜೇಬಿಗೆ ಹಾಕಿಕೊಳ್ಳುತ್ತಾರೆ.

ರೋಲೆಕ್ಸ್ ಬಿಟ್ಟು ಇನ್ನೊಂದು ಹೆಸರು ಗೊತ್ತಿಲ್ಲದವರನ್ನು ವಾಚು ನೋಡೋ ಕೆಲಸಕ್ಕೆ ಹಾಕಬೇಡಿ. ಹಾಕಲೇಬೇಕಾದರೆ ಮೊದಲು ಕಲಿಸಿ. ನೀವೂ ಸ್ವಲ್ಪ ವಿಚಾರಿಸಿ ಬರೆಯಿರಿ. ಆ ಕೋಣೆಗೆ ಒಂದು ಕುರ್ಚಿಯನ್ನಾದರೂ ಹಾಕಿಸಿ. ಯಾರಾದರೂ ಏನಾದರೂ ಮಾಡಿ, ಸಂಬಳ ಸುಮ್ನೆ ಬರುತ್ತಾ?

– ನೊಂದ ಓದುಗ