ಅಲ್ಲಿ ಬ್ರೇಕ್ ಇಲ್ಲ, ಅಪ್ಪಯ್ಯ

ಶಿರಸಿ,
ಭಾನುವಾರ ರಾತ್ರಿ

ಪ್ರೀತಿಯ ಕೂಸೇ,

ನೀನು ಹುಬ್ಬಳ್ಳಿ ಬಸ್ಸು ಹತ್ತಿ ಇವತ್ತಿಗೆ ಒಂಬತ್ತು ದಿನವಾಯಿತು. ಹಿಂದಿನ ರಾತ್ರಿ ಜಗಲಿಯಲ್ಲಿ ಆದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ನಮ್ಮಿಬ್ಬರಿಗೂ ನೆನಪಿದೆ, ಒಳಗೆ ನಿಂತು ಕೇಳಿಸಿಕೊಂಡ ನಿನ್ನ ಆಯಿಗೆ ಇನ್ನೂ ಹೆಚ್ಚು ನೆನಪಿದೆ. ಆದರೆ ಒಬ್ಬ ಹೆಂಗಸಾದರೂ ನಿನ್ನ ಈ ಕಾರ್ ರೇಸಿನಲ್ಲಿ ಮೇಲೆ ಬಂದದ್ದುಂಟೇ ಎಂದು ನಾನು ಕೇಳಿದಾಗ ನೀನು ಉತ್ತರಿಸದೆ, "ಮೂವತ್ತು ವರ್ಷ ಮಾಸ್ತರಿಕೆ ಮಾಡಿದ್ದಲ್ಲವೇ, ಓದಿ ನೋಡು ಅಪ್ಪಯ್ಯ" ಎಂದು ಎದ್ದು ಹೋದೆ. ಓದಿದೆ.

ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ 1950ರಲ್ಲಿ ಆರಂಭವಾದಂದಿನಿಂದ ಅದರ ಓಟದ ಗೆರೆಯಲ್ಲಿ ಕಾರು ನಿಲ್ಲಿಸಿದ ಹೆಂಗಸರು ಇಬ್ಬರೇ, ಇಬ್ಬರೂ ಇಟಲಿಯವರು: 1958ರಲ್ಲಿ ಮರಿಯಾ ತೆರೇಸಾ ದೆ ಫಿಲಿಪ್ಪಿಸ್, 1975 ಮತ್ತು 76ರಲ್ಲಿ ಲೆಲ್ಲಾ ಲೊಂಬಾರ್ಡಿ. ಲೊಂಬಾರ್ಡಿ ಮಾಂಸದಂಗಡಿಯವನ ಮಗಳು. ಮನೆಯ ವ್ಯಾನಿನಲ್ಲಿ ಸರಕು ತಲುಪಿಸುತ್ತಲೇ ಕೈ ಪಳಗಿಸಿಕೊಂಡವಳು. (ಆಯಿಗೆ ಇದನ್ನು ಓದಿ ಹೇಳುವಾಗ ವ್ಯಾನಿನಲ್ಲಿ ಏನಿತ್ತೆಂಬುದನ್ನು ಬಿಟ್ಟೆ.) 1975ರ ಸ್ಪ್ಯಾನಿಷ್ ಗ್ರಾಂಡ್ ಪ್ರಿಯಲ್ಲಿ ಅವಳು ಆರನೆಯವಳಾಗಿ ಅರ್ಧ ಅಂಕ ಪಡೆದಳು, ಮತ್ತು ಇಷ್ಟು ವರ್ಷಗಳಲ್ಲಿ ಹೆಂಗಸೊಬ್ಬಳ ಹೆಸರಿಗೆ ಬಿದ್ದ ಅಂಕ ಅದೊಂದೇ. ನನಗೆ ಜಂಬವೆನಿಸಬೇಕಾದ ಜಾಗ ಅದು. ಆದರೆ ಅರ್ಧವೇಕೆಂದು ಹುಡುಕಿದೆ. ತಡೆಬೇಲಿಯ ಬೋಲ್ಟುಗಳು ಸಡಿಲವಾಗಿವೆಯೆಂದು ಓಟಗಾರರು ಮೊದಲೇ ತಕರಾರು ಮಾಡಿದ್ದರು. ಓಟದ ನಡುವೆ ಒಂದು ಕಾರಿನ ಹಿಂಬದಿಯ ರೆಕ್ಕೆ ಮುರಿದು, ಆ ಕಾರು ಬೇಲಿಯನ್ನೂ ದಾಟಿ ಹಾರಿ, ಆಚೆ ನಿಂತಿದ್ದವರು ಸತ್ತರು. 75 ಸುತ್ತುಗಳ ಓಟವನ್ನು 29ಕ್ಕೇ ನಿಲ್ಲಿಸಿ ಎಲ್ಲರಿಗೂ ಅರ್ಧರ್ಧ ಅಂಕ ಕೊಟ್ಟರು.

ಅದನ್ನು ಓದಿದ ಮೇಲೆ ಬೋಲ್ಟುಗಳಿಂದ ಆಚೆಗೆ ನನ್ನ ಬುದ್ಧಿ ಹೋಗಲಿಲ್ಲ. ಕುಮಟೆಗೆ ಇಳಿಯುವ ದೇವಿಮನೆ ಘಟ್ಟವೇ ಕಣ್ಣ ಮುಂದೆ ಬಂತು. ಆಯಿಯ ಎದೆನೋವಿನ ಆ ಜುಲೈ ರಾತ್ರಿ ನನ್ನ ಕಣ್ಣಿನ ಪೊರೆ ತೆಗೆಸಿ ಹತ್ತು ದಿನವಾಗಿತ್ತು, ಅಣ್ಣ ಬೆಂಗಳೂರಿನಲ್ಲಿದ್ದ, ಹತ್ತೊಂಬತ್ತರ ನೀನು ಜೀಪಿನ ಕೀಲಿಯನ್ನು ಕೇಳದೆಯೇ ಮೊಳೆಯಿಂದ ತೆಗೆದೆ. ಬಂಡಲ ದಾಟುವಾಗಲೇ ಮಳೆಗೆ ರಸ್ತೆಯ ಅಂಚು ಕಾಣುತ್ತಿರಲಿಲ್ಲ. ದೇವಿಮನೆಯ ಗುಡಿಯೆದುರು ನೀನು ನಿಲ್ಲಿಸದೆ ತಲೆಯನ್ನಷ್ಟೇ ಬಾಗಿಸಿದ್ದು ನನಗೆ ಸರಿಬರಲಿಲ್ಲ. ಇಳಿಜಾರು ಶುರುವಾದಾಗಿನಿಂದ ಕತಗಾಲದವರೆಗೂ ನನ್ನ ಬಲಗಾಲು ಕೆಳಗಿನ ಮ್ಯಾಟನ್ನು ಒತ್ತುತ್ತಲೇ ಇತ್ತು. ಅದು ನನಗೇ ತಿಳಿದಿರಲಿಲ್ಲ. "ಅಲ್ಲಿ ಬ್ರೇಕ್ ಇಲ್ಲ, ಅಪ್ಪಯ್ಯ" ಎಂದು ನೀನು ರಸ್ತೆಯಿಂದ ಕಣ್ಣು ತೆಗೆಯದೆಯೇ ಹೇಳಿದೆ. ಒಂದು ತಿರುವಿನಲ್ಲಿ ಎದುರಿನಿಂದ ಲಾರಿಯ ಬೆಳಕು ಬಿದ್ದಾಗ ನಾನು ಕೂಗಿದೆ. ನೀನು ಆ ತಿರುವಿಗೆ ಬಹಳ ಮೊದಲೇ ವೇಗ ಇಳಿಸಿ ಎರಡನೇ ಗೇರಿಗೆ ಹಾಕಿಕೊಂಡಿದ್ದೆ, ಕೂಗುವ ಕಾರಣವೇ ಇರಲಿಲ್ಲ. ಆ ಬೆಳಕು ಈಗಲೂ ಬೀಳುತ್ತದೆ. ನಿನ್ನೆ ರಾತ್ರಿಯೂ ಕಾಲು ಹಾಸಿಗೆಯನ್ನು ಒತ್ತಿ ಮೀನಖಂಡ ಹಿಡಿದುಕೊಂಡು ಎಚ್ಚರವಾಯಿತು. ಚೆನ್ನೈ ಹತ್ತಿರದ ನಿಮ್ಮ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ 3.7 ಕಿಲೋಮೀಟರಿಗೆ 12 ತಿರುವುಗಳಂತೆ. ಎದುರಿನಿಂದ ಲಾರಿ ಬರುವುದಿಲ್ಲವೆಂದು ಆಯಿ ಸಮಾಧಾನ ಹೇಳುತ್ತಾಳೆ. ಹಿಂದಿನಿಂದ ಬರುವವರ ವಿಷಯ ಅವಳಿಗೆ ಗೊತ್ತಿಲ್ಲ, ನಾನೂ ಹೇಳಿಲ್ಲ.

ಆದ್ದರಿಂದ ಕೇಳು. ಕತ್ತಿನ ವ್ಯಾಯಾಮವನ್ನು ಒಂದು ದಿನವೂ ತಪ್ಪಿಸಬೇಡ, ಏಕೆಂದರೆ ತಿರುವಿನಲ್ಲಿ ಹೆಲ್ಮೆಟ್ ಸಮೇತ ತಲೆಯ ಭಾರವನ್ನು ಹೊರುವುದು ಕತ್ತೇ. ಹೆಲ್ಮೆಟ್ಟನ್ನು ಹೆಗಲಿಗೆ ಕಟ್ಟುವ ಆ ಹ್ಯಾನ್ಸ್ ಸಾಧನದ ಪಟ್ಟಿಯನ್ನು ನೀನೇ ಎಳೆದು ನೋಡು. ಬೇಲಿ ಸರಿಯಿಲ್ಲವೆಂದು ಅನ್ನಿಸಿದರೆ ಕಾರಿನಿಂದ ಇಳಿದು ಬಾ. ಸ್ಪೇನಿನ ಆ ದಿನ ವಿಶ್ವ ಚಾಂಪಿಯನ್ ಆಗಿದ್ದ ಫಿಟ್ಟಿಪಾಲ್ಡಿಯೇ ಓಡಿಸುವುದಿಲ್ಲವೆಂದು ಇಳಿದಿದ್ದ. ಬಿಸಿಲಿನಲ್ಲಿ ನೀರು ಕುಡಿ. ಪಾಠ ಮಾಡುವುದಿಲ್ಲವೆಂದು ನಿಶ್ಚಯಿಸಿಯೇ ಪೆನ್ನು ಹಿಡಿದಿದ್ದೆ, ಇರಲಿ.

ಹೆಂಗಸರಿಗಾಗಿಯೇ ನಡೆಸಿದ ಡಬ್ಲ್ಯೂ ಸೀರೀಸನ್ನು ಜೇಮೀ ಚಾಡ್ವಿಕ್ ಎಂಬವಳು ಮೂರು ಸಲವೂ ಗೆದ್ದಳು, ಆದರೂ ಫಾರ್ಮುಲಾ ಒನ್‌ನಲ್ಲಿ ಅವಳಿಗೆ ಸೀಟು ಸಿಗಲಿಲ್ಲ. ಆ ಸೀರೀಸೇ 2022ರಲ್ಲಿ ಹಣವಿಲ್ಲದೆ ನಡುವಿನಲ್ಲಿ ನಿಂತಿತು. ಮರುವರ್ಷ ಮತ್ತೆ ಹೆಂಗಸರಿಗಾಗಿಯೇ ಆರಂಭವಾದ ಎಫ್ ಒನ್ ಅಕಾಡೆಮಿಯ ವಿಷಯ ಓದುವಾಗ ಬಸ್ಸಿನ ಮಹಿಳೆಯರ ಸೀಟು ನೆನಪಾಯಿತು. ಗದ್ದಲದಲ್ಲಿ ಅದು ಬೇಕೇ ಬೇಕು, ಆದರೆ ಬಸ್ಸನ್ನು ಓಡಿಸುವ ಸೀಟು ಅದಲ್ಲ. ಗಂಡುಮಕ್ಕಳು ಏಳೆಂಟು ವರ್ಷಕ್ಕೇ ಗೋ-ಕಾರ್ಟ್ ಹತ್ತುತ್ತಾರೆ, ಹೆಣ್ಣುಮಕ್ಕಳನ್ನು ಹತ್ತಿಸುವವರೇ ಕಡಿಮೆ, ಆದ್ದರಿಂದ ಮೇಲಿನವರೆಗೆ ಬರುವವರೂ ಕಡಿಮೆ ಎಂದು ಓದಿದಾಗ ನಾನು ಕನ್ನಡಕ ತೆಗೆದಿಟ್ಟೆ. ಅಣ್ಣನಿಗೆ ಹದಿನೆಂಟು ತುಂಬಿದ ವಾರವೇ ಪಕ್ಕದಲ್ಲಿ ಕೂತು ಕಲಿಸಿದವನು ನಾನು. ನೀನು ಹಿಂದಿನ ಸೀಟಿನಲ್ಲಿ ಅಡಿಕೆ ಚೀಲಗಳ ನಡುವೆ ಕೂತು ನೋಡಿ ಕಲಿತೆ. ಇದಕ್ಕೆ ಕ್ಷಮೆಯನ್ನು ಜಗಲಿಯಲ್ಲಿಯೇ ಕೇಳಬೇಕಿತ್ತು.

ಇನ್ನೊಬ್ಬಳ ಕಥೆಯಿದೆ, ಫ್ರಾನ್ಸಿನ ಮಿಷೆಲ್ ಮೂಟನ್. ಕಾರು ಕೊಡಿಸುತ್ತೇನೆ, ಒಂದು ವರ್ಷ ನೋಡೋಣ ಎಂದವನು ಅವಳ ಅಪ್ಪ. 1981ರಲ್ಲಿ ಅವಳು ಸಾನ್ ರೆಮೋ ಕಾರ್ ರ‍್ಯಾಲಿ ಗೆದ್ದಳು. 1982ರಲ್ಲಿ ಇನ್ನೂ ಮೂರನ್ನು ಗೆದ್ದು ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನಲ್ಲಿ ಎರಡನೆಯವಳಾದಳು. ಆ ವರ್ಷ ಐವರಿ ಕೋಸ್ಟಿನ ರ‍್ಯಾಲಿ ಹೊರಡುವ ಹೊತ್ತಿಗೆ ಅಪ್ಪ ತೀರಿಕೊಂಡ ಸುದ್ದಿ ಬಂತು, ಆದರೂ ಓಡಿಸಿದಳು, ಅವನ ಇಚ್ಛೆಯೇ ಅದಾಗಿತ್ತು. ನನ್ನಲ್ಲಿ ಅಷ್ಟು ಗಟ್ಟಿತನವಿಲ್ಲ. ಆದರೆ ಈ ವರ್ಷದ ಚಾಲಿ ಅಡಿಕೆ ಇನ್ನೂ ಸೊಸೈಟಿಯಲ್ಲಿಯೇ ಇದೆ. ಮುಂದಿನ ವಾರ ವ್ಯಾಪಾರಕ್ಕೆ ಬಿಡುತ್ತೇನೆ, ಬಂದದ್ದರಲ್ಲಿ ಅರ್ಧ ನಿನ್ನ ಖಾತೆಗೆ, ಒಂದು ವರ್ಷಕ್ಕೆ. ಟೈರಿಗೂ ಸಾಲದೆಂದು ನೀನು ನಗಬಹುದು. ಮದುವೆಯ ಮಾತನ್ನು ಆ ವರ್ಷದಲ್ಲಿ ನಾನಾಗಿ ಎತ್ತುವುದಿಲ್ಲ, ಆಯಿಯ ಪರವಾಗಿ ಮಾತು ಕೊಡಲಾರೆ.

ಓಟ ಮುಗಿದ ಕೂಡಲೇ ಫೋನ್ ಮಾಡು. ಎಷ್ಟನೆಯವಳೆಂದು ಆಮೇಲೆ ಹೇಳಿದರೆ ಸಾಕು. ತೊಡೆದೇವಿನ ಡಬ್ಬಿ ಕಳಿಸಿದ್ದೇನೆ, ಮುರಿದಿದ್ದರೆ ಪುಡಿಗೇ ತುಪ್ಪ ಹಾಲು ಹಾಕಿಕೊಂಡು ತಿನ್ನು.

ಇಂತಿ,
ನಿನ್ನ ಅಪ್ಪಯ್ಯ