ಅಪ್ಪಾಜಿಗೆ, ಬಣ್ಣದ ಕೋವಿಯ ವಿಚಾರ

ಕೊಲಂಬಸ್, ಓಹಾಯೋ
ಮಾರ್ಚ್ ಕೊನೆಯ ಭಾನುವಾರ

ಪ್ರೀತಿಯ ಅಪ್ಪಾಜಿಗೆ ನಮಸ್ಕಾರಗಳು.

ನಾನು ಇಲ್ಲಿ ಚೆನ್ನಾಗಿದ್ದೇನೆ. ನಮ್ಮ ಆಲ್ದೂರಲ್ಲಿ ಕಾಫಿಗೆ ಹೂ ಮಳೆ ಬಿತ್ತು ಅಂತ ತಮ್ಮ ಹೇಳಿದ. ತೋಟಕ್ಕೆಲ್ಲ ಒಂದೇ ಸಮ ಬಿತ್ತಾ? ಕೆರೆ ಪಕ್ಕದ ಪಟ್ಟೆಯಲ್ಲೂ ಹೂ ಬಿಟ್ಟಿದೆಯಾ? ಇಲ್ಲಿ ಇನ್ನೂ ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಹಿಮ ಕಟ್ಟಿರುತ್ತದೆ.

ಮೊನ್ನೆ ಫೋನಲ್ಲಿ ನಾನು "ಕೋವಿ ತಗೊಂಡೆ" ಅಂದ ಕೂಡಲೇ ಅಮ್ಮ ಫೋನನ್ನು ನಿಮ್ಮ ಕೈಗೆ ಕೊಟ್ಟುಬಿಟ್ಟರು. ನೀವೂ ಜಾಸ್ತಿ ಮಾತಾಡಲಿಲ್ಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಎಲ್ಲವನ್ನೂ ಕೂತು ಬರೆಯುತ್ತಿದ್ದೇನೆ.

ಇದು ನಮ್ಮ ಮನೆಯ ಕೋವಿಯಂಥದ್ದಲ್ಲ ಅಪ್ಪಾಜಿ. ಲೈಸೆನ್ಸ್ ಮಾಡಿಸಿ, ಎಲೆಕ್ಷನ್ ಬಂದಾಗ ಠಾಣೆಗೆ ಕೊಟ್ಟು ಬರುತ್ತೀರಲ್ಲ, ಆ ಜಾತಿಯದ್ದಲ್ಲ. ಇದು ಪೇಂಟ್‌ಬಾಲ್ ಅನ್ನುವ ಆಟದ್ದು, ಇದರಲ್ಲಿ ಹೋಗುವುದು ಬಣ್ಣದ ಉಂಡೆ. ಮಾತ್ರೆಯ ಕ್ಯಾಪ್ಸೂಲ್ ಇರುತ್ತದಲ್ಲ, ಅದೇ ಜೆಲಟಿನ್ ಸಿಪ್ಪೆ, ಒಳಗೆ ನೀರಲ್ಲಿ ತೊಳೆದರೆ ಹೋಗುವ ಬಣ್ಣ. ಮೈಗೆ ಬಿದ್ದು ಒಡೆದರೆ ಆ ಆಟಕ್ಕೆ ನಾವು ಔಟ್.

ಇದು ಹುಟ್ಟಿದ್ದು ಹೇಗೆ ಅಂತ ಕೇಳಿದರೆ ನಿಮಗೆ ಖಂಡಿತ ಇಷ್ಟವಾಗುತ್ತದೆ. ಮರ ಕಡಿಸುವ ಮುಂಚೆ ನೀವು ಸಿಲ್ವರ್ ಓಕ್‌ಗಳಿಗೆ ಬಣ್ಣದಲ್ಲಿ ನಂಬರ್ ಹಾಕಿಸುತ್ತಿದ್ದಿರಿ, ನಾನು ಡಬ್ಬ ಹಿಡಿದು ಹಿಂದೆ ಬರುತ್ತಿದ್ದೆ. ಇಲ್ಲಿಯ ಕಾಡಿನವರಿಗೂ ಅದೇ ಕೆಲಸ. ಹಳ್ಳದ ಆಚೆಯ ಮರಕ್ಕೆ ಈಚೆಯಿಂದಲೇ ಗುರುತು ಹಾಕಲಿ ಅಂತ ಮಾಡಿದ ಕೋವಿ ಇದು. ದನಗಳಿಗೆ ಗುರುತು ಹಾಕಲೂ ಬಳಸುತ್ತಿದ್ದರು. 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್‌ನ ಹೆನಿಕರ್ ಎಂಬ ಊರಿನ ಕಾಡಿನಲ್ಲಿ 12 ಜನ ಸೇರಿ ಅದನ್ನೇ ಹಿಡಿದು ಮೊದಲ ಸಲ ಆಟ ಆಡಿದರು. ಗೆದ್ದವರು ಕಾಡು ಬಲ್ಲ ಒಬ್ಬ ಫಾರೆಸ್ಟರ್. ಒಂದೂ ಉಂಡೆ ಹಾರಿಸದೆ, ಆಟಕ್ಕೆಂದು ಕಾಡಿನಲ್ಲಿ ಇಟ್ಟಿದ್ದ ಬಾವುಟಗಳನ್ನೆಲ್ಲ ತಂದರು!

ಆಫೀಸಿನವರ ಜೊತೆ ನಾಲ್ಕು ಸಲ ಬಾಡಿಗೆ ಕೋವಿಯಲ್ಲಿ ಆಡಿದೆ. ಮೊದಲ ದಿನವೇ ಒಂದು ತಪ್ಪು ಮಾಡಿದೆ, ನಿಮ್ಮಿಂದ ಮುಚ್ಚಿಡುವುದಿಲ್ಲ. ಓಡಿ ಓಡಿ ಬೆವತು ಮಾಸ್ಕಿನ ಗಾಜು ಪೂರ್ತಿ ಮಂಜಾಯಿತು. ಏನೂ ಕಾಣಲಿಲ್ಲ. ಒರೆಸೋಣ ಅಂತ ಮಾಸ್ಕನ್ನು ಹಣೆಗೆ ಏರಿಸಿದೆ. ಅಂಪೈರ್ ಜೋರಾಗಿ ಸೀಟಿ ಊದಿ ಆಟವನ್ನೇ ನಿಲ್ಲಿಸಿ, ನನ್ನ ಹತ್ತಿರ ಓಡಿ ಬಂದರು. ಆ ಉಂಡೆ ಸೆಕೆಂಡಿಗೆ 280 ಅಡಿ ಹೋಗುತ್ತದೆ, ಅಂದರೆ ಗಂಟೆಗೆ 300 ಕಿಲೋಮೀಟರ್‌ಗೂ ಜಾಸ್ತಿ. ಮೈಗೆ ಬಿದ್ದರೆ ಒಂದು ಕಂದು ಗುರುತು, ಅಷ್ಟೇ. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ಕಾಫಿ ಗಿಡ ಸವರಿಸುವಾಗ ರೆಂಬೆ ಸಿಡಿದು ನೀವು ವಾರಗಟ್ಟಲೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದು ಅವತ್ತು ನೆನಪಾಯಿತು. ಕೈ ನಡುಗಿತು.

ಹಾಗಾಗಿ ದುಡ್ಡು ಕೂಡಿಟ್ಟು ಮೊದಲು ಕೊಂಡದ್ದು ಮಾಸ್ಕ್. 65 ಡಾಲರ್. ಅದರ ಲೆನ್ಸ್‌ಗೆ ಎರಡು ಪದರ, ನಡುವೆ ಗಾಳಿ, ಬೇಗ ಮಂಜು ಕಟ್ಟುವುದಿಲ್ಲ. ಹೊಸಬರು ಯಾರೇ ಕೇಳಿದರೂ ನಾನು ಇದನ್ನೇ ಹೇಳುತ್ತೇನೆ, ಕೋವಿಯಲ್ಲಿ ಉಳಿಸಿ, ಮಾಸ್ಕಿನಲ್ಲಿ ಬೇಡ.

ಕೋವಿ ಆರಿಸುವುದಕ್ಕೇ ತಿಂಗಳು ಹಿಡಿಯಿತು. ಬ್ಯಾಟರಿ ಹಾಕುವ ಎಲೆಕ್ಟ್ರಾನಿಕ್ ಕೋವಿಗಳು ನೋಡಲು ಚಂದ. ಆದರೆ ಸೆಕೆಂಡಿಗೆ ಹತ್ತು ಉಂಡೆ ಉಗುಳಿದರೆ ಆ ಉಂಡೆಗೆ ದುಡ್ಡು ಕೊಡುವವರು ಯಾರು? 2000 ಉಂಡೆಯ ಬಾಕ್ಸ್ ಒಂದೇ ದಿನಕ್ಕೆ ಮುಗಿದುಹೋಗುತ್ತದೆ. ಅಂಗಡಿಯವರು ಪ್ಲಾನೆಟ್ ಎಕ್ಲಿಪ್ಸ್‌ನ ಎಮೆಕ್ ತೋರಿಸಿದರು. ಬ್ಯಾಟರಿ ಬೇಡ, ಸದ್ದು ಕಮ್ಮಿ, ನಿಜವಾಗಲೂ ಒಳ್ಳೆಯ ಕೋವಿ. ಬೆಲೆ ನನ್ನ ಲೆಕ್ಕ ಮೀರಿತ್ತು. ಕೊನೆಗೆ ಒಬ್ಬರ ಹತ್ತಿರ ಹಳೆಯ ಟಿಪ್‌ಮನ್ 98 ಕಸ್ಟಮ್ ಸಿಕ್ಕಿತು, 70 ಡಾಲರ್‌ಗೆ.

ಅದನ್ನೇ ಆರಿಸಿದ್ದು ಯಾಕೆ ಗೊತ್ತಾ? ಅದನ್ನು ನಾನೇ ಬಿಚ್ಚಿ ಜೋಡಿಸಬಹುದು. ಅಲೆನ್ ಕೀಯಲ್ಲಿ ಬೋಲ್ಟ್ ತೆಗೆದರೆ ಅವರೆಕಾಯಿ ಬಿಡಿಸಿದ ಹಾಗೆ ಎರಡು ಹೋಳು. ಒಳಗೆ ಹಿಂದೊಂದು ಮುಂದೊಂದು ಲೋಹದ ತುಂಡು, ಎರಡನ್ನೂ ಸೇರಿಸುವ ತೆಳು ಸರಳು, ಒಂದು ಸ್ಪ್ರಿಂಗ್, ಎರಡು ಮೂರು ರಬ್ಬರ್ ಉಂಗುರ. ನಮ್ಮ ತೋಟಕ್ಕೆ ಬೋರ್ಡೋ ಔಷಧಿ ಹೊಡೆಯುವ ಪಂಪಿನದೇ ಲೆಕ್ಕ, ಗಾಳಿಯ ಒತ್ತಡ ಮತ್ತು ವಾಷರ್. ಕೊಳ್ಳುವ ಮುಂಚೆ ಉಂಡೆ ಹಾಕದೆ, ನಳಿಗೆಗೆ ಕವರ್ ಹಾಕಿ, ಕೋವಿಗೆ ಗಾಳಿ ಕೊಡುವ ಸಿಲಿಂಡರ್ ತಿರುಗಿಸಿ ಸುಮ್ನೆ ಕಿವಿಗೊಟ್ಟು ನಿಂತೆ. ಸಣ್ಣಗೆ ಸುಯ್ ಅಂತಿತ್ತು. ಮಾರುವವರ ಮುಖ ಬಾಡಿತು. ಸಿಲಿಂಡರ್ ಬಾಯಿಯ ಉಂಗುರ ಸವೆದಿತ್ತು, ಅಷ್ಟೇ. ಬೇರೆ ಹಾಕಿದೆವು, ಸದ್ದು ನಿಂತಿತು. ಮಳೆಗಾಲಕ್ಕೆ ಮುಂಚೆ ಮೈಲುತುತ್ತ ಕದಡಿಟ್ಟು, ಪಂಪ್ ಸೋರಿದಾಗ ನೀವು ಸೈಕಲ್ ಟ್ಯೂಬ್ ಕತ್ತರಿಸಿ ವಾಷರ್ ಮಾಡಿದ್ದಿರಲ್ಲ, ಅದನ್ನು ನೋಡಿಯೇ ನಾನು ಇಷ್ಟು ಕಲಿತದ್ದು.

ಸಿಲಿಂಡರ್ ಮಾತ್ರ ಹೊಸದೇ ತಗೊಂಡೆ, 60 ಡಾಲರ್. ಕಾರ್ಬನ್ ಡೈಆಕ್ಸೈಡ್ ತುಂಬುವುದು ಅಗ್ಗ, ಆದರೆ ಈ ಚಳಿಯಲ್ಲಿ ಅದರ ಒತ್ತಡ ಬಿದ್ದುಹೋಗುತ್ತದೆ, ಉಂಡೆ ದೂರ ಹೋಗುವುದಿಲ್ಲ. ಬರೀ ಗಾಳಿ ತುಂಬಿದರೆ ಆ ರಗಳೆ ಇಲ್ಲ. 5 ವರ್ಷಕ್ಕೊಮ್ಮೆ ಟೆಸ್ಟ್ ಮಾಡಿಸಬೇಕು, ತಾರೀಕು ಸಿಲಿಂಡರ್ ಮೇಲೇ ಇರುತ್ತದೆ. ಅಡುಗೆ ಗ್ಯಾಸ್ ಬಂದಾಗ ಅಮ್ಮ ಅಕ್ಷರ, ಇಸವಿ ನೋಡಿಯೇ ಒಳಗೆ ಬಿಡುತ್ತಾರಲ್ಲ, ಹಾಗೆ.

ಉಂಡೆ ತುಂಬುವ ಡಬ್ಬಿಗೆ 8 ಡಾಲರ್, ನಳಿಗೆಯ ಕವರ್‌ಗೆ 8 ಡಾಲರ್. ಎಲ್ಲ ಸೇರಿ 211 ಡಾಲರ್. ಬಾಡಿಗೆಗೆ ದಿನಕ್ಕೆ 30 ಕೊಡುತ್ತಿದ್ದೆ. ಎಂಟು ಸಲ ಆಡಿದರೆ ಆ ದುಡ್ಡು ಹುಟ್ಟಿತು. ಸಾಲ ಮಾಡಿಲ್ಲ, ಮನೆಗೆ ಕಳಿಸುವುದರಲ್ಲೂ ಮುಟ್ಟಿಲ್ಲ.

ತಮ್ಮ ತನಗೂ ಒಂದು ತಾ ಅಂತಿದ್ದಾನೆ. ತರುವುದಿಲ್ಲ ಅಂತ ಹೇಳಿಬಿಡಿ. ಬೆಂಗಳೂರಲ್ಲಿ ಆಡುವ ಜಾಗಗಳಿವೆ, ಅಲ್ಲಿ ಬಾಡಿಗೆಗೆ ಆಡಲಿ. ಎಷ್ಟೇ ಮಂಜಾದರೂ ಮೈದಾನದಿಂದ ಆಚೆ ಬಂದಮೇಲೇ ಮಾಸ್ಕ್ ತೆಗೆಯಬೇಕು. ನಾನು ಹೇಳಿದರೆ ಕೇಳುವುದಿಲ್ಲ, ನೀವೇ ಹೇಳಿ.

ಎರಡು ಫೋಟೋ ಇಟ್ಟಿದ್ದೇನೆ. ಅಮ್ಮನಿಗೆ ಮಾಸ್ಕ್ ಹಾಕಿಕೊಂಡದ್ದನ್ನು ಮೊದಲು ತೋರಿಸಿ, ಕೋವಿಯದನ್ನು ಆಮೇಲೆ.

ನಿಮ್ಮ ಮಗ